ಹೊಸ ಗೇಮಿಂಗ್ ಸಾಧನದ ಗಾಳಿಸುದ್ದಿ, ಒಂದು ದಿನದ ಷೇರು ವಹಿವಾಟು: ದಾವಣಗೆರೆಯ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ವೀರೇಶ್ ಎಂದು ಕರೆಯೋಣ. ಹೆಸರು, ಅಂಗಡಿಯ ಜಾಗ, ಕಂಪನಿಯ ಗುರುತು ಎಲ್ಲವನ್ನೂ ಬದಲಿಸಿದೆ. ದರ ಮತ್ತು ಮೊತ್ತಗಳನ್ನು ಲೆಕ್ಕ ಹಿಡಿಯಲು ಸುಲಭವಾಗುವಂತೆ ದುಂಡಗೆ ಮಾಡಿದೆ. ತಂತ್ರಜ್ಞಾನ ಕಂಪನಿಗಳ ಷೇರಿನಲ್ಲಿ ಇಂಟ್ರಾಡೇ ಮಾಡುವವರು, ಅಂದರೆ ಅಂದು ಕೊಂಡು ಅಂದೇ ಮಾರುವವರು, ಹೊಸ ಮೊಬೈಲ್ ಅಥವಾ ಗೇಮಿಂಗ್ ಸಾಧನದ ಸುದ್ದಿಯ ಬೆನ್ನು ಹತ್ತಿದಾಗ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದು ಇದರಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಗಮನಿಸಬೇಕಾದ ಮಾತೆಂದರೆ, ವೀರೇಶ್ ನಂಬಿದ ಸುದ್ದಿ ಸುಳ್ಳಾಗಿರಲಿಲ್ಲ.

ಹಿನ್ನೆಲೆ

ವೀರೇಶ್ ಅವರಿಗೆ 34 ವರ್ಷ. ಮಂಡಿಪೇಟೆಯ ಹತ್ತಿರದ ಗಲ್ಲಿಯಲ್ಲಿ ಮೊಬೈಲ್ ಮಾರಾಟ ಮತ್ತು ರಿಪೇರಿ ಅಂಗಡಿ. ಯಾವ ಮಾಡೆಲ್ ಓಡುತ್ತದೆ, ಯಾವುದರ ಡಿಸ್‌ಪ್ಲೇ ಬೇಗ ಹೋಗುತ್ತದೆ, ದಸರಾ ದೀಪಾವಳಿಗೆ ಯಾವ ಮಾಲು ತುಂಬಿಸಬೇಕು ಎಂಬುದರಲ್ಲಿ ಅವರ ಅಂದಾಜು ತಪ್ಪುವುದು ಅಪರೂಪ. ಆ ಅಂದಾಜಿನ ಮೇಲೆಯೇ ಸಂಸಾರ ನಡೆದಿದೆ. ಷೇರು ವಹಿವಾಟು ಶುರುಮಾಡಿ ಒಂದು ವರ್ಷವಾಗಿತ್ತು. ಸಣ್ಣ ಮೊತ್ತದಲ್ಲಿ ಕೊಂಡು ಇಟ್ಟುಕೊಳ್ಳುತ್ತಿದ್ದರು, ಹೆಚ್ಚಿನ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಘಟನೆ ನಡೆದ ತಿಂಗಳಲ್ಲಿ ಅವರ ಟ್ರೇಡಿಂಗ್ ಖಾತೆಯಲ್ಲಿ ₹3,00,000 ಇತ್ತು. ಅದರಲ್ಲಿ ₹1,20,000 ಸ್ವಂತ ಉಳಿತಾಯ. ಉಳಿದ ₹1,80,000 ಚನ್ನಗಿರಿ ಕಡೆ ತೋಟ ನೋಡಿಕೊಳ್ಳುವ ಅಣ್ಣ ಅಡಿಕೆ ಮಾರಿದ ಹಣದಲ್ಲಿ ಕೊಟ್ಟದ್ದು. ಮೊಬೈಲ್ ವಿತರಕರ ಬಾಕಿಯನ್ನು ತಿಂಗಳ 10ನೇ ತಾರೀಕಿನೊಳಗೆ ತೀರಿಸಲೆಂದೇ ಕೊಟ್ಟ ಹಣ ಅದು. ಇನ್ನೂ ಆರು ದಿನ ಇದೆಯಲ್ಲ ಎಂದು ಅದು ಟ್ರೇಡಿಂಗ್ ಖಾತೆಗೆ ಬಂತು. ಈ ಪ್ರಕರಣದ ಮೊದಲ ನಿರ್ಧಾರ ಇದೇ. ತಾರೀಕು ಗೊತ್ತುಮಾಡಿಕೊಂಡು ಬಂದ ಹಣದಿಂದ ವಹಿವಾಟು ಮಾಡಿದರೆ ನಷ್ಟವನ್ನು ಒಪ್ಪಿ ಹೊರಬರುವುದು ಎರಡುಪಟ್ಟು ಕಷ್ಟವಾಗುತ್ತದೆ, ಏಕೆಂದರೆ ಆ ನಷ್ಟಕ್ಕೆ ಇನ್ನೊಬ್ಬರ ಮುಂದೆ ಉತ್ತರ ಹೇಳಬೇಕು.

ಸುದ್ದಿ ಬಂದ ಬೆಳಿಗ್ಗೆ

ಬೆಳಿಗ್ಗೆ 8:40ಕ್ಕೆ ಟೆಲಿಗ್ರಾಂ ಗುಂಪೊಂದರಲ್ಲಿ ಸಂದೇಶ ಬಂತು: ವಿದೇಶಿ ಕಂಪನಿಯೊಂದು ಕೈಯಲ್ಲಿ ಹಿಡಿದು ಆಡುವ ಹೊಸ ಗೇಮಿಂಗ್ ಸಾಧನವನ್ನು ಭಾರತದಲ್ಲೇ ಜೋಡಿಸಲಿದೆ, ನಮ್ಮ ದೇಶದ ಒಂದು ಎಲೆಕ್ಟ್ರಾನಿಕ್ಸ್ ಜೋಡಣೆ ಕಂಪನಿಗೆ ₹200 ಕೋಟಿ ಆರ್ಡರ್ ಸಿಗಲಿದೆ. ಅದೇ ವಾರ ವಿತರಕರ ಕಡೆಯ ಸೇಲ್ಸ್ ಹುಡುಗ ಕೂಡ "ಗೇಮಿಂಗ್ ಐಟಂ ಒಂದು ಬರ್ತೈತಿ ಅಣ್ಣಾ" ಎಂದಿದ್ದ. ಎರಡು ಕಡೆಯಿಂದ ಕೇಳಿದ್ದರಿಂದ ವೀರೇಶ್ ಅವರಿಗೆ ಸುದ್ದಿ ಗಟ್ಟಿ ಅನ್ನಿಸಿತು. ಆದರೆ ಎರಡು ಬಾಯಿಂದ ಬಂದ ಮಾತ್ರಕ್ಕೆ ಮೂಲ ಎರಡು ಎಂದಾಗುವುದಿಲ್ಲ. ಆ ಹುಡುಗನೂ ಅಂಥದ್ದೇ ಒಂದು ಗುಂಪಿನಲ್ಲಿ ಓದಿದ್ದ ಎಂಬುದು ಆಮೇಲೆ ಗೊತ್ತಾಯಿತು.

ಷೇರಿನ ಹಿಂದಿನ ದಿನದ ಮುಕ್ತಾಯ ದರ ₹620. ಬೆಳಿಗ್ಗೆ 9ಕ್ಕೆ ಪ್ರೀ-ಓಪನ್, ಅಂದರೆ ಅಂದಿನ ಆರಂಭದ ದರ ಗೊತ್ತಾಗುವ ಅವಧಿ, ಶುರುವಾಗುತ್ತದೆ, 9:15ಕ್ಕೆ ಮಾಮೂಲಿ ವಹಿವಾಟು. ಪ್ರೀ-ಓಪನ್‌ನಲ್ಲೇ ದರ ₹648ಕ್ಕೆ ನಿಂತಿತ್ತು. ಅಂದರೆ ವೀರೇಶ್ ಒಂದು ಷೇರನ್ನೂ ಕೊಳ್ಳುವ ಮೊದಲೇ ಶೇ 4.5 ಏರಿಕೆ ಮುಗಿದಿತ್ತು.

ಇಲ್ಲಿ ಎರಡು ಲೆಕ್ಕ ಮಾಡಬಹುದಿತ್ತು, ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು. ಮೊದಲನೆಯದು, ಹಿಂದಿನ ದಿನಗಳ ಡೆಲಿವರಿ ಅಂಕಿ. ಡೆಲಿವರಿ ಎಂದರೆ ಅಂದೇ ಮಾರದೆ ಕೊಂಡವರ ಖಾತೆಗೆ ಹೋಗುವ ಷೇರು. ಯಾವ ಷೇರಿನಲ್ಲಿ ಎಷ್ಟು ವಹಿವಾಟಾಯಿತು, ಅದರಲ್ಲಿ ಎಷ್ಟು ಡೆಲಿವರಿಗೆ ಹೋಯಿತು ಎಂಬುದನ್ನು ಎನ್‌ಎಸ್‌ಇ ಎಂಬ ಷೇರು ವಿನಿಮಯ ಕೇಂದ್ರ (ಎಕ್ಸ್‌ಚೇಂಜ್) ಪ್ರತಿದಿನ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಈ ಷೇರು ಹಿಂದಿನ ಮೂರು ದಿನಗಳಲ್ಲಿ ₹590ರಿಂದ ₹620ಕ್ಕೆ ಏರಿತ್ತು, ಡೆಲಿವರಿಗೆ ಹೋದ ಷೇರುಗಳೂ ಮಾಮೂಲಿಗಿಂತ ಹೆಚ್ಚಿದ್ದವು. ಟೆಲಿಗ್ರಾಂಗೆ ಬರುವ ಮೊದಲೇ ಸುದ್ದಿ ಯಾರ ಕೈಗೋ ಸಿಕ್ಕಿತ್ತು, ಅವರು ಕೊಂಡು ಕೂತಿದ್ದರು, ಇನ್ನು ಅವರಿಗೆ ಬೇಕಿದ್ದದ್ದು ಕೊಳ್ಳುವವರು ಮಾತ್ರ ಎಂದು ಅನುಮಾನಿಸಲು ಅಷ್ಟು ಸಾಕಿತ್ತು.

ಎರಡನೆಯದು ಆರ್ಡರ್‌ನ ತೂಕ. ಕಂಪನಿಯ ವಾರ್ಷಿಕ ವಹಿವಾಟು ₹8,000 ಕೋಟಿ. ₹200 ಕೋಟಿ ಎಂದರೆ ಅದರ ಶೇ 2.5. ಜೋಡಣೆ ಉದ್ಯಮದಲ್ಲಿ ಬಿಡಿಭಾಗದ ಖರ್ಚೇ ಹೆಚ್ಚು, ಲಾಭಾಂಶ ತೀರಾ ತೆಳು. ಶೇ 4 ಹಿಡಿದರೆ ಆ ಆರ್ಡರ್‌ನಿಂದ ಬರುವುದು ₹8 ಕೋಟಿ, ಅದೂ ಬಡ್ಡಿ, ತೆರಿಗೆ ಕಳೆಯುವ ಮುಂಚೆ. ಕಂಪನಿಯ ಮಾರುಕಟ್ಟೆ ಮೌಲ್ಯವೋ ಸುಮಾರು ₹12,000 ಕೋಟಿ. ಬೆಳಗಿನ ಶೇ 4.5 ಏರಿಕೆಯಿಂದ ಅದಕ್ಕೆ ₹540 ಕೋಟಿ ಸೇರಿತ್ತು. ₹8 ಕೋಟಿಯ ಸುದ್ದಿಗೆ ₹540 ಕೋಟಿ ಬೆಲೆ ಕಟ್ಟಿ ಆಗಿತ್ತು. ಇನ್ನೂ ಏರುವುದಿಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ ನಿಜ, ಆದರೆ ಏರಿದರೆ ಅದು ಇನ್ನೊಬ್ಬರ ಉತ್ಸಾಹದ ಬಲದಿಂದಲೇ ಏರಬೇಕು.

ಸಾಧನದ ಜನಪ್ರಿಯತೆಗೂ ಷೇರುದಾರರ ಕೈಗೆ ಬರುವ ಲಾಭಕ್ಕೂ ಎಷ್ಟು ಅಂತರವಿರಬಹುದು ಎಂಬುದಕ್ಕೆ 2016ರ ಜುಲೈ ಒಳ್ಳೆಯ ಉದಾಹರಣೆ. ಪೋಕೆಮಾನ್ ಗೋ ಆಟ ಬಂದ ಎರಡೇ ವಾರದಲ್ಲಿ ಜಪಾನಿನ ಗೇಮಿಂಗ್ ಕಂಪನಿ ನಿಂಟೆಂಡೊದ ಷೇರು ದುಪ್ಪಟ್ಟಾಯಿತು. ಆಟ ರೂಪಿಸಿದ್ದು ನಿಯಾಂಟಿಕ್ ಎಂಬ ಬೇರೆ ಕಂಪನಿ. ಪೋಕೆಮಾನ್ ಹಕ್ಕುಗಳನ್ನು ನೋಡಿಕೊಳ್ಳುವ ಪೋಕೆಮಾನ್ ಕಂಪನಿಯಲ್ಲಿ ನಿಂಟೆಂಡೊಗೆ ಇದ್ದದ್ದು ಶೇ 32 ಪಾಲು ಮಾತ್ರ. ಇದರಿಂದ ತನ್ನ ಲಾಭಕ್ಕೆ ಆಗುವ ಪರಿಣಾಮ ಸೀಮಿತ ಎಂದು ಕಂಪನಿಯೇ ಜುಲೈ 22ರಂದು ಹೇಳಿತು. ಮುಂದಿನ ವಹಿವಾಟಿನ ದಿನ, ಜುಲೈ 25ರಂದು, ಷೇರು ಶೇ 17ಕ್ಕಿಂತ ಹೆಚ್ಚು ಕುಸಿಯಿತು. ಮಕ್ಕಳು ಮರಿಗಳೆಲ್ಲ ಆ ಆಟದ ಹುಚ್ಚಿನಲ್ಲೇ ಇದ್ದ ದಿನಗಳವು.

ಕೊಂಡ ಬಗೆ

9:22ಕ್ಕೆ ವೀರೇಶ್ ₹655ರಂತೆ 1,000 ಷೇರು ಕೊಂಡರು. ಇಂಟ್ರಾಡೇಯಲ್ಲಿ ಕನಿಷ್ಠ ಶೇ 20 ಮಾರ್ಜಿನ್, ಅಂದರೆ ಖಾತೆಯಲ್ಲಿ ಒತ್ತೆಯಾಗಿ ಹಿಡಿಯುವ ಹಣ, ಇದ್ದರೆ ಸಾಕು. ಹೀಗೆ ಇರುವ ಹಣದ ಗರಿಷ್ಠ ಐದು ಪಟ್ಟು ಕೊಳ್ಳಬಹುದು, ಇದಕ್ಕೆ ಲಿವರೇಜ್ ಎನ್ನುತ್ತಾರೆ. ₹6,55,000 ಮೊತ್ತದ ಷೇರಿಗೆ ಖಾತೆಯಲ್ಲಿ ಹಿಡಿದದ್ದು ₹1,31,000. ದರ ಗೊತ್ತುಮಾಡಿದ ಮಟ್ಟಕ್ಕೆ ಇಳಿದರೆ ತಾನಾಗಿ ಮಾರಲು ಹೊರಡುವ ಸ್ಟಾಪ್‌ಲಾಸ್ ಆರ್ಡರ್ ಹಾಕಲಿಲ್ಲ. "645ಕ್ಕೆ ಬಂದ್ರೆ ಮಾರ್ತೀನಿ" ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ದರ ₹661ರವರೆಗೆ ಹೋಗಿ ತಿರುಗಿತು. 10:30ರ ಹೊತ್ತಿಗೆ ₹645, ಮತ್ತೆ ಐದು ನಿಮಿಷಕ್ಕೆ ₹640. ಆ ಹೊತ್ತಿನಲ್ಲಿ ಅವರು ಗಿರಾಕಿಯೊಬ್ಬರ ಫೋನಿಗೆ ಟೆಂಪರ್ಡ್ ಗ್ಲಾಸ್ ಹಾಕುತ್ತಿದ್ದರು. ಗ್ಲಾಸಿನ ಒಂದು ಮೂಲೆ ಕೂತಿದೆ, ಇನ್ನೊಂದು ಮೂಲೆಯಲ್ಲಿ ಗುಳ್ಳೆ ಉಳಿದಿದೆ, ಪಕ್ಕದಲ್ಲಿ ತಮ್ಮ ಫೋನಿನ ಪರದೆ ಕೆಂಪಾಗಿದೆ. ಗಿರಾಕಿಯನ್ನು ಕಳಿಸಿ ನೋಡುವಷ್ಟರಲ್ಲಿ ಮನಸ್ಸಿನ ಸ್ಟಾಪ್‌ಲಾಸ್ ದಾಟಿ ಹೋಗಿತ್ತು. ಕೌಂಟರಿನಲ್ಲಿ ನಿಂತು ವ್ಯಾಪಾರ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪರದೆಯ ಮುಂದೆ ಇಡೀ ದಿನ ಕೂರಲಾಗದವರಿಗೆ ಸಿಸ್ಟಂನಲ್ಲಿ ಹಾಕಿಟ್ಟ ಸ್ಟಾಪ್‌ಲಾಸ್ ಬಿಟ್ಟು ಬೇರೆ ಕಾವಲು ಇಲ್ಲ.

ಎಷ್ಟು ಷೇರು ಕೊಳ್ಳಬೇಕಿತ್ತು? ಒಂದು ವಹಿವಾಟಿನಲ್ಲಿ ಬಂಡವಾಳದ ಶೇ 1ಕ್ಕಿಂತ ಹೆಚ್ಚು ಕಳೆಯಬಾರದು ಎಂದು ಗೆರೆ ಹಾಕಿಕೊಂಡರೆ ₹3,00,000ಕ್ಕೆ ₹3,000. ಕೊಂಡ ದರ ₹655, ಸ್ಟಾಪ್‌ಲಾಸ್ ₹643, ಅಂತರ ₹12. ₹3,000ವನ್ನು 12ರಿಂದ ಭಾಗಿಸಿದರೆ 250 ಷೇರು. ಖಾತೆ ಎಷ್ಟು ಕೊಳ್ಳಲು ಬಿಡುತ್ತದೆ ಎಂಬುದು ಬ್ರೋಕರ್ ಹೇಳುವ ಸಂಖ್ಯೆ. ಎಷ್ಟು ಕೊಳ್ಳಬೇಕು ಎಂಬುದನ್ನು ಈ ಭಾಗಾಕಾರವೇ ಹೇಳಬೇಕು.

ತಿರುವು ಒಂದು: ₹640ಕ್ಕೆ ಇನ್ನೂ 1,000

ಮಾರುವ ಬದಲು ವೀರೇಶ್ ₹640ಕ್ಕೆ ಮತ್ತೆ 1,000 ಷೇರು ಕೊಂಡರು. ಸರಾಸರಿ ₹647.50ಕ್ಕೆ ಇಳಿಯಿತು, ಪರದೆಯ ಮೇಲೆ ನಷ್ಟದ ಶೇಕಡಾವಾರು ಅರ್ಧವಾಗಿ ಕಂಡಿತು. ಆದರೆ ಹಿಡಿದ ಷೇರು 2,000, ಮೊತ್ತ ₹12,95,000. ಇನ್ನು ಮುಂದೆ ಪ್ರತಿ ಒಂದು ರೂಪಾಯಿ ಇಳಿಕೆಗೆ ₹2,000 ಹೋಗುತ್ತದೆ. ಹಿಡಿದಿಟ್ಟ ಮಾರ್ಜಿನ್ ₹2,59,000, ಕೈಯಲ್ಲಿ ಉಳಿದದ್ದು ₹41,000.

ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರು ಹೀಗೆ ಸರಾಸರಿ ಇಳಿಸುವುದಕ್ಕೆ, ಅಂದರೆ ಆವರೇಜ್ ಮಾಡುವುದಕ್ಕೆ, ಒಂದು ಅರ್ಥವಿದೆ, ಅವರಿಗೆ ಕಾಯಲು ಕಾಲವಿದೆ. ಇಂಟ್ರಾಡೇಯಲ್ಲಿ 3:20ರ ಆಸುಪಾಸಿಗೆ ಬ್ರೋಕರ್ ತಾನೇ ಮಾರಿಬಿಡುತ್ತಾನೆ. ಅಷ್ಟರೊಳಗೆ ಸುದ್ದಿ ಖಚಿತವಾಗಬೇಕು, ಅಥವಾ ತಮಗಿಂತ ಹೆಚ್ಚು ಕೊಡುವವರು ಬರಬೇಕು.

ಕಂಪನಿ ಯಾಕೆ ಏನೂ ಹೇಳುತ್ತಿಲ್ಲ ಎಂದು ವೀರೇಶ್ ದಿನವಿಡೀ ಎಕ್ಸ್‌ಚೇಂಜ್‌ನ ಪ್ರಕಟಣೆಗಳನ್ನು ನೋಡುತ್ತಿದ್ದರು. ಪ್ರಮುಖ ಮಾಧ್ಯಮಗಳಲ್ಲಿ ಬಂದ ವದಂತಿಯಿಂದ ದರ ಗಣನೀಯವಾಗಿ ಏರಿಳಿದರೆ 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ಸ್ಪಷ್ಟನೆ ಕೊಡಬೇಕು ಎಂಬ, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ ಇರುವುದು ನಿಜ. ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 100 ಕಂಪನಿಗಳಿಗೆ 2024ರ ಜೂನ್ 1ರಿಂದ, ಮೊದಲ 250ಕ್ಕೆ ಅದೇ ವರ್ಷದ ಡಿಸೆಂಬರ್ 1ರಿಂದ ಅದು ಅನ್ವಯಿಸುತ್ತಿದೆ. ಈ ಕಂಪನಿ ಆ ಪಟ್ಟಿಯಲ್ಲೇ ಇರಲಿಲ್ಲ. ಟೆಲಿಗ್ರಾಂ ಸಂದೇಶವನ್ನು ಪ್ರಮುಖ ಮಾಧ್ಯಮ ಎನ್ನಲೂ ಬರುವುದಿಲ್ಲ. ಪಟ್ಟಿಯಲ್ಲಿ ಇದ್ದಿದ್ದರೂ ಕಂಪನಿಗೆ ಸಿಗುವುದು 24 ಗಂಟೆ. 9:15ರಿಂದ 3:30ರವರೆಗಿನ ವಹಿವಾಟು ಆರೂಕಾಲು ಗಂಟೆ. ವದಂತಿಯ ಗಡಿಯಾರವೂ ಇಂಟ್ರಾಡೇಯ ಗಡಿಯಾರವೂ ಹೊಂದುವುದೇ ಇಲ್ಲ, ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಹೊಸ ಸಾಧನವೊಂದು ಮಾತುಕತೆಯಿಂದ ಒಪ್ಪಂದಕ್ಕೆ, ಒಪ್ಪಂದದಿಂದ ಉತ್ಪಾದನೆಗೆ, ಅಲ್ಲಿಂದ ಲಾಭದ ಲೆಕ್ಕಕ್ಕೆ ಬರಲು ತಿಂಗಳುಗಳು ಬೇಕು. ಸಂಜೆಯೊಳಗೆ ಮಾರಲೇಬೇಕಾದವರಿಗೆ ಸುದ್ದಿ ನಿಜವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಸುಳ್ಳು ಸುದ್ದಿಯಾದರೆ ಇನ್ನೂ ಕಷ್ಟ. 2007ರ ಮೇ 16ರಂದು, ಮೊದಲ ಐಫೋನ್ ಅಂಗಡಿಗೆ ಬರುವ ಮೊದಲೇ, ಅದು ಅಕ್ಟೋಬರ್‌ಗೆ ಮುಂದೆ ಹೋಗಿದೆ ಎಂಬ ನಕಲಿ ಇಮೇಲ್ ಒಂದನ್ನು ತಂತ್ರಜ್ಞಾನ ಜಾಲತಾಣವೊಂದು ಪ್ರಕಟಿಸಿತು. ಕೆಲವೇ ನಿಮಿಷಗಳಲ್ಲಿ ಆ್ಯಪಲ್ ಷೇರು ಸುಮಾರು ಶೇ 4 ಇಳಿದು, ಸುದ್ದಿ ಸುಳ್ಳೆಂದು ಗೊತ್ತಾದ ಮೇಲೆ ಚೇತರಿಸಿಕೊಂಡಿತು. ಆ ನಿಮಿಷಗಳಲ್ಲಿ ಸ್ಟಾಪ್‌ಲಾಸ್ ಹೊಡೆದು ಹೊರಬಿದ್ದವರಿಗೆ ಆ ಚೇತರಿಕೆಯಿಂದ ಏನೂ ಸಿಗಲಿಲ್ಲ. ಐಫೋನ್ ಜೂನ್ 29ಕ್ಕೇ ಬಂತು.

ತಿರುವು ಎರಡು: ₹40,000ದ ಯುಪಿಐ

ಮಧ್ಯಾಹ್ನ 1:50ಕ್ಕೆ ದರ ₹627. ನಷ್ಟ ₹41,000 ಆಗಿ, ಮಾರ್ಜಿನ್ ಕೊರತೆಯ ಸಂದೇಶ ಬಂತು. ಹಣ ಹಾಕದಿದ್ದರೆ ಬ್ರೋಕರ್ ಮಾರಿಬಿಡುತ್ತಾನೆ. ಆ ಕ್ಷಣಕ್ಕೆ ಆ ಮಾರಾಟವೇ ಅವರನ್ನು ಕಾಪಾಡುತ್ತಿತ್ತು. ವೀರೇಶ್ ಅಂಗಡಿಯ ಚಾಲ್ತಿ ಖಾತೆಯಿಂದ ₹40,000 ಕಳಿಸಿದರು. ಆ ವಾರ ಡಿಸ್‌ಪ್ಲೇ, ಬ್ಯಾಟರಿ ತರಿಸಲು ಇಟ್ಟ ಹಣವದು.

3:05ಕ್ಕೆ ಇಂಟ್ರಾಡೇಯನ್ನು ಡೆಲಿವರಿಗೆ ಬದಲಿಸಲು ನೋಡಿದರು. ಡೆಲಿವರಿಗೆ ಪೂರ್ತಿ ₹12,95,000 ಬೇಕು, ಆಗಲಿಲ್ಲ. ಒಂದಷ್ಟು ಷೇರನ್ನಾದರೂ ತಾವೇ ಮಾರಬಹುದಿತ್ತು, ಅದನ್ನೂ ಮಾಡಲಿಲ್ಲ. ಬ್ರೋಕರ್‌ನ ಸ್ವಯಂ ಮಾರಾಟ, ಅಂದರೆ ಸ್ಕ್ವೇರ್ ಆಫ್‌ನಲ್ಲಿ ಎಲ್ಲ 2,000 ಷೇರು ಸರಾಸರಿ ₹618ಕ್ಕೆ ಹೋದವು. ನಷ್ಟ ₹59,000, ಶುಲ್ಕ ₹570. ಷೇರು ಇಳಿದದ್ದು ಅವರ ಸರಾಸರಿಯಿಂದ ಶೇ 4.6 ಅಷ್ಟೇ. ಬೆಳಿಗ್ಗೆ ಖಾತೆಯಲ್ಲಿದ್ದ ಹಣದ ಸುಮಾರು ಶೇ 20 ಕರಗಿತ್ತು. ₹627ಕ್ಕೇ ಹೊರಬಿದ್ದಿದ್ದರೆ ₹18,000 ಉಳಿಯುತ್ತಿತ್ತು.

ಕಂಪನಿಯ ಸ್ಪಷ್ಟನೆ ಮರುದಿನ ಸಂಜೆ ಬಂತು: ಹಲವು ಗ್ರಾಹಕರೊಂದಿಗೆ ಮಾತುಕತೆ ನಡೆಯುತ್ತಲೇ ಇರುತ್ತದೆ, ಪ್ರಕಟಿಸಬೇಕಾದ್ದು ಸದ್ಯಕ್ಕೆ ಇಲ್ಲ.

ಕಳೆದದ್ದನ್ನು ಮರಳಿ ತರುವ ಯತ್ನ

ಮುಂದಿನ 24 ವಹಿವಾಟಿನ ದಿನಗಳಲ್ಲಿ ವೀರೇಶ್ ಮೂರು ದಾರಿ ಹಿಡಿದರು.

ತಿಂಗಳಿಗೆ ₹4,999 ಕೊಟ್ಟು ಟಿಪ್ಸ್ ಗುಂಪೊಂದನ್ನು ಸೇರಿದರು. ಷೇರು ಶಿಫಾರಸು ಮಾಡುವ ರಿಸರ್ಚ್ ಅನಲಿಸ್ಟ್‌ಗೆ ಸೆಬಿ ನೋಂದಣಿ ಇರಬೇಕು. ಆ ಸಂಖ್ಯೆ ಐಎನ್‌ಎಚ್ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಸೆಬಿ ಜಾಲತಾಣದಲ್ಲಿ ಹೆಸರು ಹಾಕಿ ತಾಳೆ ನೋಡಬಹುದು. ಈ ಗುಂಪಿನವರ ಬಳಿ ಅದು ಇರಲಿಲ್ಲ. ವೀರೇಶ್ ಕೇಳಲೂ ಇಲ್ಲ.

ಸ್ಟಾಪ್‌ಲಾಸ್ ಹಾಕತೊಡಗಿದರು, ಒಳ್ಳೆಯದೇ. ಆದರೆ ಟ್ರಿಗರ್‌ಗೂ (ಆರ್ಡರ್ ಜೀವಂತವಾಗುವ ದರ) ಲಿಮಿಟ್‌ಗೂ (ಮಾರಲು ಒಪ್ಪುವ ಅತಿ ಕಡಿಮೆ ದರ) 50 ಪೈಸೆ ಅಂತರ ಮಾತ್ರ ಇಡುತ್ತಿದ್ದರು. ಟ್ರಿಗರ್ ₹612, ಲಿಮಿಟ್ ₹611.50 ಎಂದಿದ್ದಾಗ ದರ ಒಮ್ಮೆಲೇ ₹609ಕ್ಕೆ ಜಿಗಿದರೆ ಆರ್ಡರ್ ಜೀವಂತವಾಗುತ್ತದೆ, ಆದರೆ ₹611.50ಕ್ಕೆ ಕೊಳ್ಳುವವರೇ ಇರುವುದಿಲ್ಲ. ವದಂತಿಯ ಷೇರುಗಳಲ್ಲಿ ಇಂಥ ಜಿಗಿತ ಸಾಮಾನ್ಯ. ಅಂತರವನ್ನು ದರದ ಅರ್ಧ ಶೇಕಡದಷ್ಟಾದರೂ ಇಡಬೇಕು.

ಮೂರನೆಯದು ಶಾರ್ಟ್, ಅಂದರೆ ಕೈಯಲ್ಲಿ ಇಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದು. ಮೊಬೈಲ್ ಬಿಡಿಭಾಗದ ಸಣ್ಣ ಕಂಪನಿಯೊಂದರ ಷೇರು ವದಂತಿಯ ಮೇಲೆ ₹205ರಿಂದ ₹219ಕ್ಕೆ ಏರಿದಾಗ, ಇಳಿದೇ ಇಳಿಯುತ್ತದೆ ಎಂದು 400 ಷೇರು ಶಾರ್ಟ್ ಮಾಡಿದರು. ಅದಕ್ಕೆ ಶೇ 10ರ ಸರ್ಕ್ಯೂಟ್ ಮಿತಿ ಇತ್ತು, ಅಂದರೆ ಒಂದು ದಿನದಲ್ಲಿ ದರ ಅದಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ. ₹225.50ಕ್ಕೆ ಅಪ್ಪರ್ ಸರ್ಕ್ಯೂಟ್ ಬಡಿದು ನಿಂತಿತು. ಮಾರುವವರೇ ಇಲ್ಲದ ಮೇಲೆ ಮರಳಿ ಕೊಳ್ಳುವುದು ಎಲ್ಲಿಂದ? ಕೊಡಬೇಕಾದ ಷೇರು ಕೊಡಲಾಗದೆ ಮರುದಿನ ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಂಡು ಲೆಕ್ಕ ಮುಗಿಸಿತು, ದರ ₹239. ಒಂದೇ ಏಟಿಗೆ ₹8,000. ಸರ್ಕ್ಯೂಟ್ ಮಿತಿ ಇರುವ ಸಣ್ಣ ಷೇರಿನಲ್ಲಿ ಶಾರ್ಟ್ ಮಾಡಲೇಬಾರದು. ಇದರಲ್ಲಿ ವಿನಾಯಿತಿಗೆ ಜಾಗವಿಲ್ಲ.

ಲೆಕ್ಕದ ಪುಸ್ತಕ ತೆರೆದಾಗ

ಅಣ್ಣನಿಂದ ಫೋನ್ ಬಂತು: "ರೊಕ್ಕ ಕಟ್ಟಿದ್ಯೇನೋ ತಮ್ಮಾ? ವಿತರಕರು ನನಗೆ ಫೋನ್ ಮಾಡ್ಯಾರ." ಅದಾದ ಮೇಲೆ ವೀರೇಶ್ ತಮ್ಮ ಜಿಎಸ್‌ಟಿ ಲೆಕ್ಕ ಬರೆಯುವವರ ಬಳಿ ಎಲ್ಲವನ್ನೂ ಬಿಚ್ಚಿ ಹೇಳಿದರು. ಅವರು ಬೈಯಲಿಲ್ಲ. "ಕಾಂಟ್ರ್ಯಾಕ್ಟ್ ನೋಟ್ ಅಷ್ಟೂ ತಗೊಂಡು ಬರ್ರಿ, ಒಂದೊಂದೇ ಹಾಕೋಣ" ಎಂದರು. ಕಾಂಟ್ರ್ಯಾಕ್ಟ್ ನೋಟ್ ಎಂದರೆ ಆ ದಿನದ ವಹಿವಾಟು, ಶುಲ್ಕಗಳನ್ನು ತೋರಿಸುವ ಬ್ರೋಕರ್ ಚೀಟಿ. ನಿಜವಾದ ತಿರುವು ಇದೇ ಎನ್ನಬೇಕು.

24 ದಿನಗಳಲ್ಲಿ 216 ಬಾರಿ ಕೊಂಡು ಮಾರಿದ್ದರು, ಪ್ರತಿ ಬಾರಿ ಸುಮಾರು ₹4,00,000 ಮೊತ್ತ. ಒಂದು ಸುತ್ತಿನ ಖರ್ಚು ಹೀಗೆ: ಬ್ರೋಕರೇಜ್ ₹20ರಂತೆ ಎರಡು ಕಡೆ ₹40, ಮಾರುವ ಕಡೆ ಶೇ 0.025 ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ₹100. ಎಕ್ಸ್‌ಚೇಂಜ್ ಶುಲ್ಕ ₹24. ಕೊಳ್ಳುವ ಕಡೆ ಶೇ 0.003 ಮುದ್ರಾಂಕ ಶುಲ್ಕ ₹12. ಸೆಬಿ ಶುಲ್ಕ ಮತ್ತು ಜಿಎಸ್‌ಟಿ ಸೇರಿ ₹12. ಒಟ್ಟು ₹188. 216 ಸುತ್ತಿಗೆ ₹40,600. ದರದ ಏರಿಳಿತದಿಂದ ಆದ ನಷ್ಟ ಬರೀ ₹11,300, ಅದರಲ್ಲೂ ₹8,000 ಆ ಹರಾಜಿನದು. ಅಂದರೆ ಷೇರು ಆರಿಸುವುದರಲ್ಲಿ ಅವರು ಹೆಚ್ಚುಕಡಿಮೆ ಸಮಸಮ ಇದ್ದರು. ಈ 24 ದಿನಗಳಲ್ಲಿ ಖಾತೆಯನ್ನು ತಿಂದದ್ದು ಶುಲ್ಕ. ಒಂದೊಂದು ಸಲ ₹188 ಕಣ್ಣಿಗೆ ಬೀಳುವುದಿಲ್ಲ, ಆ್ಯಪ್‌ನ ಲಾಭನಷ್ಟದ ಪರದೆಯಲ್ಲಿ ಎಷ್ಟೋ ಸಲ ಶುಲ್ಕ ಸೇರಿಯೇ ಇರುವುದಿಲ್ಲ. ಕಾಂಟ್ರ್ಯಾಕ್ಟ್ ನೋಟ್‌ನ ಕೊನೆಯ ಸಾಲನ್ನೇ ನೋಡಬೇಕು.

ಇದು ವೀರೇಶ್ ಒಬ್ಬರ ಕಥೆಯಲ್ಲ. 2022-23ರಲ್ಲಿ ಷೇರು ನಗದು ವಿಭಾಗದಲ್ಲಿ, ಅಂದರೆ ನೇರ ಷೇರು ವಹಿವಾಟಿನಲ್ಲಿ, ಇಂಟ್ರಾಡೇ ಮಾಡಿದ ವ್ಯಕ್ತಿಗಳಲ್ಲಿ 10ಕ್ಕೆ 7 ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಆ ಪ್ರಮಾಣ ಶೇ 80. ನಷ್ಟ ಹೊಂದಿದವರು ವಹಿವಾಟಿನ ನಷ್ಟದ ಮೇಲೆ ಇನ್ನೂ ಶೇ 57ರಷ್ಟನ್ನು ಖರ್ಚಾಗಿ ತೆತ್ತಿದ್ದರು.

ಫಲಿತಾಂಶ

ಒಟ್ಟು ನಷ್ಟ ₹1,11,470, ಟಿಪ್ಸ್ ಶುಲ್ಕ ಬೇರೆ. ಖಾತೆಯಲ್ಲಿ ಉಳಿದ ₹2,28,530ರಲ್ಲಿ ₹1,80,000 ವಿತರಕರಿಗೆ, ₹40,000 ಅಂಗಡಿ ಖಾತೆಗೆ ಮರಳಿತು. ಸ್ವಂತ ಉಳಿತಾಯದ ₹1,20,000ದಲ್ಲಿ ಮಿಕ್ಕಿದ್ದು ₹8,530. ಬಾಕಿ ತಡವಾದ್ದಕ್ಕೆ ವಿತರಕರು ಉದ್ರಿ ನಿಲ್ಲಿಸಿದರು. ದೀಪಾವಳಿಯ ಮಾಲನ್ನು ನಗದಿಗೇ ತರಬೇಕಾಗಿ ಅರ್ಧದಷ್ಟೇ ತುಂಬಿಸಲು ಸಾಧ್ಯವಾಯಿತು. ಈ ಪೆಟ್ಟು ಯಾವ ಕಾಂಟ್ರ್ಯಾಕ್ಟ್ ನೋಟ್‌ನಲ್ಲೂ ಕಾಣುವುದಿಲ್ಲ.

ಟ್ರೇಡಿಂಗ್ ಖಾತೆಯ ಆನ್‌ಲೈನ್ ಪ್ರವೇಶವನ್ನು ಗ್ರಾಹಕರೇ ತಡೆಹಿಡಿಯಲು ಬ್ರೋಕರ್‌ಗಳು ಸೌಲಭ್ಯ ಕೊಡಬೇಕೆಂಬ ಸೆಬಿ ನಿಯಮ 2024ರ ಜುಲೈ 1ರಿಂದ ಇದೆ. ಅನುಮಾನಾಸ್ಪದ ಚಟುವಟಿಕೆ ಕಂಡಾಗ ಬಳಸಲೆಂದು ತಂದ ಸೌಲಭ್ಯವಾದರೂ, ವೀರೇಶ್ ಅದನ್ನು ತಮ್ಮ ಕೈಯನ್ನೇ ಕಟ್ಟಿಹಾಕಲು ಬಳಸಿದರು. ಅಂಗಡಿಯಲ್ಲಿ ಬಿಡುವಿದ್ದಾಗಲೆಲ್ಲ ಆ್ಯಪ್ ತೆರೆಯುವ ಚಾಳಿ ಬಿಡಲು ಅದು ಬಹಳ ನೆರವಾಯಿತು.

ಏಳು ತಿಂಗಳ ನಂತರ ಅದೇ ಜೋಡಣೆ ಕಂಪನಿ ಗೇಮಿಂಗ್ ಸಾಧನದ ಆರ್ಡರ್ ಸಿಕ್ಕಿದ್ದನ್ನು ಪ್ರಕಟಿಸಿತು, ಮೊತ್ತ ₹160 ಕೋಟಿ. ಹಿಂದಿನ ಮುಕ್ತಾಯ ₹560 ಇದ್ದ ಷೇರು ಅಂದು ಬೆಳಿಗ್ಗೆ ₹571ಕ್ಕೆ ತೆರೆದು, ಸಂಜೆ ₹552ಕ್ಕೆ ಮುಗಿಯಿತು.

ಇನ್ನು ತೆರಿಗೆಯ ವಿಷಯ. ಷೇರಿನ ಇಂಟ್ರಾಡೇ ನಷ್ಟವನ್ನು ಸಟ್ಟಾ ವ್ಯವಹಾರದ ನಷ್ಟ ಎಂದು ಹಿಡಿಯುತ್ತಾರೆ. ಅಂಗಡಿಯ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ, ಅಂಥದ್ದೇ ವ್ಯವಹಾರದ ಲಾಭದೊಂದಿಗೆ ಮಾತ್ರ ಹೊಂದಿಸಬಹುದು, ನಾಲ್ಕು ವರ್ಷ ಮುಂದೆ ಒಯ್ಯಬಹುದು. ಅದಕ್ಕೆ ಗಡುವಿನೊಳಗೆ ರಿಟರ್ನ್ ಸಲ್ಲಿಸಬೇಕು. ಅಂದಾಜು ಲಾಭದ ಲೆಕ್ಕದಲ್ಲಿ ಐಟಿಆರ್-4 ಎಂಬ ರಿಟರ್ನ್ ನಮೂನೆ ತುಂಬುತ್ತಿದ್ದ ವೀರೇಶ್, ಈ ನಷ್ಟ ತೋರಿಸಲು ಆ ವರ್ಷ ಐಟಿಆರ್-3 ತುಂಬಿದರು. ಮುಂದೆ ಒಯ್ದ ನಷ್ಟ ವ್ಯರ್ಥವಾಗಬಾರದೆಂದು ಮತ್ತೆ ಇಂಟ್ರಾಡೇಗೆ ಇಳಿಯುವವರು ಇದ್ದಾರೆ. ವೀರೇಶ್ ಅವರ ಲೆಕ್ಕಿಗರು ಮೊದಲೇ ಕೂರಿಸಿ ತಿಳಿಹೇಳಿದರು: ₹1,11,470 ಪೂರ್ತಿ ಹೊಂದಿಕೆಯಾದರೂ ಅವರ ತೆರಿಗೆ ದರದಲ್ಲಿ ಉಳಿಯುವುದು ಅದರ ಒಂದು ಸಣ್ಣ ಪಾಲು, ಅದನ್ನು ಉಳಿಸಲು ಮೊದಲು ಅಷ್ಟೇ ಲಾಭವನ್ನು ಇಂಟ್ರಾಡೇಯಲ್ಲಿ ಗಳಿಸಿರಬೇಕು.